ಪಿಚ್ಚರ್ ಹೇಗಿದೆ ಮೇಡಂ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಜಾಜಿನಗರದವಳು. ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ವಾರಕ್ಕೊಂದು ಪಿಚ್ಚರ್ ನೋಡುವ ಚಾಳಿ ಅದಕ್ಕಿಂತ ಹಳೆಯದು. ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೂವು ಮಾರುವಾಕೆ, ಎದುರುಮನೆ ಹುಡುಗ, ನಮ್ಮ ನಾದಿನಿ, ಎಲ್ಲೋ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ "ಮೇಡಂ, ಗುರುತು ಸಿಕ್ತಾ?" ಅನ್ನುವ ಹಳೇ ವಿದ್ಯಾರ್ಥಿಗಳು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು. ಉತ್ತರ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದಿಟ್ಟಿದ್ದೇನೆ.

ಪಿಚ್ಚರ್ ಹೇಗಿದೆ ಮೇಡಂ?

ಬುಧವಾರ ಹೇಳ್ತೀನಿ.

ಸುಮ್ನೆ ತಪ್ಪಿಸಿಕೊಳ್ಳುತ್ತಾರೆ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಹಾಗೇನಿಲ್ಲ. ನಾನು ನೋಡುವುದು ಶುಕ್ರವಾರ, ಇಲ್ಲದಿದ್ದರೆ ಶನಿವಾರ. ಹೊರಗೆ ಬರುವಾಗ ಕಿವಿ ಇನ್ನೂ ಗುಂಯ್ ಅನ್ನುತ್ತಿರುತ್ತದೆ. ಪಕ್ಕದವರು ನಕ್ಕಿದ್ದಕ್ಕೆ ನಾನೂ ನಕ್ಕಿರುತ್ತೇನೆ. ಸೀಟು ಚೆನ್ನಾಗಿದ್ದರೆ ಪಿಚ್ಚರೂ ಚೆನ್ನಾಗಿತ್ತು ಅನ್ನಿಸುತ್ತದೆ. ಹಸಿವಾಗಿದ್ದರೆ ಸೆಕೆಂಡ್ ಹಾಫ್ ಎಳೆದ ಹಾಗಾಗುತ್ತದೆ. ಆ ಹೊತ್ತಿನಲ್ಲಿ ಬಾಯಿ ಬಿಟ್ಟರೆ ಬರುವುದು ಹೊಟ್ಟೆಯ ಮಾತು.

ಅದಕ್ಕೆ ನಾಲ್ಕು ದಿನ ಬಿಡುತ್ತೇನೆ. ಬುಧವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು, ಮೊದಲು ನೆನಪಾಗುವ ಸೀನು ಯಾವುದೋ ಅದನ್ನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಏನೂ ನೆನಪಾಗದಿದ್ದರೆ ಒಂದು ಅಡ್ಡಗೆರೆ. ಅಡ್ಡಗೆರೆ ಬಿದ್ದ ಪಿಚ್ಚರುಗಳಲ್ಲಿ ಕೋಟಿ ಕೋಟಿ ಸುರಿದವೂ ಇವೆ. ನಾನೇ ಶಿಳ್ಳೆ ಹೊಡೆದವೂ ಇವೆ. (ಹೊಡೆಯುತ್ತೇನೆ. ಚೆನ್ನಾಗಿಯೇ ಬರುತ್ತದೆ.)

ಹತ್ತಕ್ಕೆ ಎಷ್ಟು ಕೊಡ್ತೀರಿ?

ಕೊಡುವುದಿಲ್ಲ. ಇಪ್ಪತ್ತೆಂಟು ವರ್ಷ ಮಾರ್ಕ್ಸ್ ಕೊಟ್ಟಿದ್ದು ಸಾಕಾಗಿದೆ. ಉತ್ತರ ಪತ್ರಿಕೆಯಲ್ಲಿ ಲೆಕ್ಕ ಸರಿ ಬಂತಾ ಇಲ್ಲವಾ ಅಂತ ಹೇಳಬಹುದು. ಪಿಚ್ಚರಿನಲ್ಲಿ ಉತ್ತರ ತಪ್ಪಿದ್ದರೂ ಮಾಡಿದ ವಿಧಾನ ಚೆಂದ ಇರುತ್ತದೆ. ಕೆಲವು ಸಲ ಎಲ್ಲಾ ಹೆಜ್ಜೆಯೂ ಸರಿ ಇರುತ್ತದೆ, ಜೀವ ಮಾತ್ರ ಇರುವುದಿಲ್ಲ. ಅಂಥದ್ದಕ್ಕೆ ಏಳೂವರೆ ಕೊಟ್ಟು ಏನು ಪ್ರಯೋಜನ?

ಒಬ್ಬರೇ ಹೋಗ್ತೀರಾ ಅಕ್ಕ? ಭಯ ಆಗಲ್ವಾ?

ಮಾರ್ನಿಂಗ್ ಶೋಗೆ ಒಬ್ಬಳೇ. ಭಯ ಏನೂ ಇಲ್ಲ. ಆ ಹೊತ್ತಿಗೆ ಬರುವವರು ಕಾಲೇಜು ತಪ್ಪಿಸಿದ ಹುಡುಗರು, ರಾತ್ರಿ ಪಾಳಿ ಮುಗಿಸಿದವರು, ನನ್ನಂಥವರು. ಮೊದಲು ಅವರು ನನ್ನನ್ನು ನೋಡಿ ಮುದುಡಿಕೊಳ್ಳುತ್ತಾರೆ, ಯಾರದೋ ಅಮ್ಮ ಹುಡುಕಿಕೊಂಡು ಬಂದಳು ಅಂತ. ಒಂದು ಸಲ ನನ್ನ ಕ್ಲಾಸಿನ ಹುಡುಗರೇ ಮೂರು ಜನ ಸಿಕ್ಕಿಬಿದ್ದರು. ನಾನು ಅವತ್ತು ಅರ್ಧ ದಿನ ರಜಾ ಹಾಕಿದ್ದೆ, ತಲೆನೋವು ಅಂತ. ಇಬ್ಬರ ಕಡೆಯವರೂ ಮರುದಿನ ಏನೂ ಮಾತಾಡಲಿಲ್ಲ.

ಯಜಮಾನರು ಬರುವುದಿಲ್ಲ. ಅವರಿಗೆ ಎಸಿ ತಾಗಿದ ಹತ್ತು ನಿಮಿಷಕ್ಕೆ ನಿದ್ದೆ. ಗೊರಕೆ ಡಾಲ್ಬಿಗಿಂತ ಜೋರು.

ಹಳೇ ಪಿಚ್ಚರುಗಳ ಮುಂದೆ ಈಗಿನವು ಏನೂ ಅಲ್ಲ, ಅಲ್ವಾ?

ಅಲ್ಲ. ಇದನ್ನು ಕೇಳುವುದು ನನ್ನ ವಯಸ್ಸಿನವರು. ಹೌದು ಅನ್ನಲಿ ಅಂತಲೇ ಕೇಳುತ್ತಾರೆ. ನಾನು ಅನ್ನುವುದಿಲ್ಲ.

ನಮಗೆ ಈಗ ಸಿಗುವ ಹಳೇ ಪಿಚ್ಚರುಗಳು ಜರಡಿಯಲ್ಲಿ ಉಳಿದ ಕಾಳು. ಜೊಳ್ಳೆಲ್ಲ ಹಾರಿಹೋಗಿದೆ. ಎಪ್ಪತ್ತರ ದಶಕದಲ್ಲೂ ಶುಕ್ರವಾರ ಬಂದು ಗುರುವಾರ ಹೋದ ಪಿಚ್ಚರುಗಳು ಬೇಕಾದಷ್ಟಿದ್ದವು. ಅವನ್ನು ಯಾರೂ ಟಿವಿಯಲ್ಲಿ ಹಾಕುವುದಿಲ್ಲ, ಅಷ್ಟೆ. ಈಗಿನವನ್ನು ಮಾತ್ರ ನಾವು ಜೊಳ್ಳಿನ ಸಮೇತ ನೋಡುತ್ತಿದ್ದೇವೆ.

ಆದರೆ ಉಳಿದ ಕಾಳು ಎಂಥದ್ದು ಅಂತ ಕೇಳಿ, ಅದಕ್ಕೆ ಎರಡು ಗಂಟೆ ಮಾತಾಡುತ್ತೇನೆ. 'ಬಂಗಾರದ ಮನುಷ್ಯ' 1972ರಲ್ಲಿ ಬಂತು. ನಾನಾಗ ಕೈಗೂಸು. ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಟೇಟ್ಸ್ ಟಾಕೀಸಿಗೆ ಹೋಗಿದ್ದರಂತೆ. ನಾನು ಅತ್ತು ರಂಪ ಮಾಡಿ, ಅವರು ಸೆಕೆಂಡ್ ಹಾಫ್ ಪೂರ್ತಿ ಬಾಗಿಲ ಹತ್ತಿರ ನಿಂತು ನೋಡಿದರಂತೆ. ಪಿಚ್ಚರ್ ಅಲ್ಲಿ ಎರಡು ವರ್ಷ ಓಡಿತು. ಅಂದರೆ ಕೂಸಾಗಿ ಹೋದವಳು, ಅದು ಎತ್ತುವ ಹೊತ್ತಿಗೆ ಅಮ್ಮನ ಕೈ ಬಿಡಿಸಿಕೊಂಡು ಓಡುತ್ತಿದ್ದೆ. ಆ ಟಾಕೀಸು ಆಮೇಲೆ ಭೂಮಿಕಾ ಆಯಿತು.

ಅದರಲ್ಲಿ ಹಾಡು, ಹೊಲ, ಬೆಟ್ಟ ಎಲ್ಲ ಇದೆ. ನನ್ನ ಪುಸ್ತಕದಲ್ಲಿ ಇರುವುದು ಒಂದೇ. ರಾಜೀವಪ್ಪ ಊಟದ ಮುಂದಿನಿಂದ ಎದ್ದು ಹೋಗುವುದು. ತಾನು ಕಟ್ಟಿದ ಮನೆಯಲ್ಲಿ, ತಾನು ಸಾಕಿದ ಹುಡುಗನ ಬಾಯಿಂದ ಒಂದು ಮಾತು. ಅಷ್ಟಕ್ಕೇ ಎದ್ದು ನಡೆಯುತ್ತಾನೆ. ಜಗಳ ಇಲ್ಲ, ಭಾಷಣ ಇಲ್ಲ. ರಾಜ್‌ಕುಮಾರ್ ಅಲ್ಲಿ ಮುಖದಲ್ಲಿ ಏನೂ ಮಾಡುವುದಿಲ್ಲ. ಮಾಡದೆ ಇರುವುದು ಎಷ್ಟು ಕಷ್ಟ ಅಂತ ಗೊತ್ತಾಗಲು ನನಗೆ ನಲವತ್ತು ವರ್ಷ ಬೇಕಾಯಿತು.

'ಕಸ್ತೂರಿ ನಿವಾಸ'ದ ಪಾರಿವಾಳವೂ ಹಾಗೇ. 1971ರ ಪಿಚ್ಚರ್, 2014ರಲ್ಲಿ ಬಣ್ಣ ಹಾಕಿ ಮತ್ತೆ ತಂದರು. ಎಲ್ಲ ಕಳೆದುಕೊಂಡ ನಾಯಕನ ಮನೆಗೆ ನಾಯಕಿ ಬರುತ್ತಾಳೆ, ಊಟ ಮಾಡುತ್ತಾಳೆ, ಆಮೇಲೆ ಆ ಹಕ್ಕಿಯನ್ನು ಕೊಡಿ ಅನ್ನುತ್ತಾಳೆ. ಅವಳ ಊಟಕ್ಕೆಂದೇ ಹಕ್ಕಿ ಆಗಲೇ ಕೈಬಿಟ್ಟು ಹೋಗಿದೆ. ಬಣ್ಣದಲ್ಲಿ ನೋಡಿದಾಗ ಮೊದಲ ಅರ್ಧ ಗಂಟೆ ಅಂಗಿ ಬಣ್ಣ, ಗೋಡೆ ಬಣ್ಣ ಅಂತ ಲೆಕ್ಕ ಹಾಕುತ್ತಿದ್ದೆ. ಆ ಸೀನು ಬಂದಾಗ ಬಣ್ಣ ಇದೆ ಅನ್ನುವುದೇ ಮರೆತುಹೋಯಿತು.

ಹಾಗಂತ ಹಳೆಯದೆಲ್ಲ ಬಂಗಾರ ಅನ್ನಬೇಡಿ. ಸೊಕ್ಕಿನ ಹುಡುಗಿಗೆ ಕೆನ್ನೆಗೆ ಬಿಟ್ಟು ಸೀರೆ ಉಡಿಸಿದರೆ ಕಥೆ ಸುಖಾಂತ ಅನ್ನುವ ಪಿಚ್ಚರುಗಳು ಎಷ್ಟಿದ್ದವು! ನಾವೂ ಚಪ್ಪಾಳೆ ಹೊಡೆದೆವು. ಅವನ್ನು ಈಗ ಮಗಳ ಜೊತೆ ಕೂತು ನೋಡಿದರೆ ಟೀ ಮಾಡುವ ನೆಪ ಹೇಳಿ ಅಡುಗೆಮನೆಗೆ ಹೋಗುತ್ತೇನೆ.

ಸರಿ, ಈಗಿನವು ಚೆನ್ನಾಗಿವೆ ಅಂತೀರಲ್ಲ, ಯಾವುದು ಹೇಳಿ ನೋಡೋಣ.

'ತಿಥಿ'. ಮಂಡ್ಯ ಕಡೆಯ ಹಳ್ಳಿ, ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ದಿನದಿಂದ ಹನ್ನೊಂದನೇ ದಿನದವರೆಗಿನ ಕಥೆ. ನಟಿಸಿದವರು ಆ ಕಡೆಯ ಊರಿನವರೇ. 2016ರಲ್ಲಿ ಬೆಂಗಳೂರಿನಲ್ಲಿ ನೋಡುವಾಗ ನನ್ನ ಪಕ್ಕದವರು ಅದನ್ನು ಪಿಚ್ಚರ್ ಅಂದುಕೊಂಡಿರಲೇ ಇಲ್ಲ. "ಅಯ್ಯೋ, ಅಲ್ಲಿ ಹೋಗಬೇಡ ಕಣೋ" ಅಂತ ಪರದೆಗೆ ಬುದ್ಧಿ ಹೇಳುತ್ತಿದ್ದರು. ಸತ್ತವನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ. ಒಂದು ಟೈಗರ್ ಬ್ರಾಂಡಿ, ಒಂದು ಬೀಡಿ, ನಡೆಯಲು ದಾರಿ. ಕುರಿ ಕಾಯುವವರ ಜೊತೆ ರಾತ್ರಿ ಕೂತು ಅವನು ತನ್ನ ಕಥೆ ಹೇಳುತ್ತಾನಲ್ಲ, ಅಲ್ಲಿಯವರೆಗೆ ನಗುತ್ತಿದ್ದ ಟಾಕೀಸು ಒಮ್ಮೆಲೇ ಸುಮ್ಮನಾಯಿತು. ಪುಸ್ತಕದಲ್ಲಿ ಬರೆದಿದ್ದು ಆ ಮೌನವನ್ನು.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಅದೇ ವರ್ಷದ್ದು. ಮರೆವಿನ ಕಾಯಿಲೆಯ ಅಪ್ಪ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಪತ್ರಿಕೆಯ ಕಾಣೆಯಾಗಿದ್ದಾರೆ ಜಾಹೀರಾತಿನ ಸಾಲನ್ನೇ ಹೆಸರಾಗಿ ಇಟ್ಟಿದ್ದಾರೆ, ಅದಕ್ಕೇ ಅರ್ಧ ಮಾರ್ಕ್ಸ್. (ನೋಡಿ, ಕೊಡಲ್ಲ ಅಂದವಳು ಕೊಟ್ಟುಬಿಟ್ಟೆ.) ಅನಂತ್ ನಾಗ್ ಅದರಲ್ಲಿ ಹೆಂಡತಿಯ ವಿಷಯ ಮಾತಾಡುವಾಗ ಮಾತ್ರ ಪೂರ್ತಿ ಮನುಷ್ಯ ಆಗುತ್ತಾರೆ, ಉಳಿದಂತೆ ಖಾಲಿ. ಆಗ ನಮ್ಮ ಮಾವನವರಿಗೂ ಮರೆವು ಶುರುವಾಗಿತ್ತು. ಮನೆಗೆ ಬಂದು ಅವರ ಅಂಗಿ ಜೇಬಿನಲ್ಲಿ ನನ್ನ ಫೋನ್ ನಂಬರ್ ಬರೆದ ಚೀಟಿ ಇಟ್ಟೆ.

ಅದೇ ನಿರ್ದೇಶಕರ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗವಾಗಿ ಬಂತು. ಮೊದಲನೆಯದು ನೀಲಿ, ಎರಡನೆಯದು ಕೆಂಪು. ನನಗೆ ನೀಲಿಯೇ ಇಷ್ಟ. ಜೈಲಿನ ಜಾಲರಿಯ ಆಚೆ ಈಚೆ ನಿಂತ ಇಬ್ಬರನ್ನು ನೋಡುತ್ತಾ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಎರಡನೆಯದು ನೋಡಿ ಬಂದ ಬುಧವಾರ, ನೆನಪಾಗಿದ್ದು ಮೊದಲನೆಯದರ ಸೀನೇ. ಏನು ಮಾಡಲಿ, ಅದನ್ನೇ ಬರೆದೆ.

ಇನ್ನು 2025ರ 'ಸು ಫ್ರಮ್ ಸೋ'. ಕರಾವಳಿಯ ಒಂದು ಊರು, ಒಂದು ದೆವ್ವ, ಊರಿನ ದೊಡ್ಡಮನುಷ್ಯ ರವಿಯಣ್ಣ. ಜುಲೈನಲ್ಲಿ ಬಂದಾಗ ಹೆಚ್ಚು ಸದ್ದಿರಲಿಲ್ಲ. ಬಾಯಿಂದ ಬಾಯಿಗೆ ಹೋಗಿ ಎರಡನೇ ದಿನಕ್ಕೆ ಟಿಕೆಟ್ ಇಲ್ಲ. ಸು ಅಂದರೆ ಸುಲೋಚನ, ಸೋ ಅಂದರೆ ಸೋಮೇಶ್ವರ. ಕನ್ನಡದ ಮೊದಲ ಮಾತಿನ ಚಿತ್ರ 1934ರ 'ಸತಿ ಸುಲೋಚನ', ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಂದಿದ್ದು. ಅದರ ಒಂದು ಪ್ರಿಂಟೂ ಉಳಿದಿಲ್ಲ. ತೊಂಬತ್ತೊಂದು ವರ್ಷ ಆದ ಮೇಲೆ ಆ ಸುಲೋಚನೆಯೇ ದೆವ್ವವಾಗಿ ವಾಪಸ್ ಬಂದಳು ಅಂತ ನಾದಿನಿಗೆ ಹೇಳಿದೆ. ಅವಳು ನಗಲಿಲ್ಲ. ಇಲ್ಲಿಯಾದರೂ ಯಾರಾದರೂ ನಗಲಿ ಅಂತ ಬರೆದಿದ್ದೇನೆ.

ಕೆಜಿಎಫ್? ಕಾಂತಾರ?

ಕೆಜಿಎಫ್ ಎರಡೂ ನೋಡಿದೆ. ಕೋಲಾರದ ಆ ಬೂದಿಬಣ್ಣದ ಮಣ್ಣಿನ ದಿಬ್ಬಗಳನ್ನು ಅಷ್ಟು ದೊಡ್ಡದಾಗಿ ಯಾರೂ ತೋರಿಸಿರಲಿಲ್ಲ. ಆದರೆ ಒಂದೊಂದು ಮಾತೂ ಡೈಲಾಗ್ ಆದರೆ ಮಾತಾಡುವವರು ಯಾರು? ಯಾರಾದರೂ ಒಬ್ಬ "ಕಾಫಿ ಕುಡೀತೀಯಾ" ಅನ್ನಬಾರದಾ ಅಂತ ಕಾಯುತ್ತಿದ್ದೆ. ಎರಡನೇ ಭಾಗ ಎಡಿಟ್ ಮಾಡಿದ್ದು ಇಪ್ಪತ್ತರ ಆಸುಪಾಸಿನ ಹುಡುಗ ಅಂತ ಓದಿ, ನನ್ನ ಕ್ಲಾಸಿನ ಹಿಂದಿನ ಬೆಂಚಿನವರ ಮೇಲೆ ಗೌರವ ಬಂತು.

'ಕಾಂತಾರ' 2022ರದ್ದು ಮೂರು ಸಲ. ಮಧ್ಯದ ಪ್ರೀತಿಯ ಭಾಗ ನನಗೆ ಆಗಿಬರಲಿಲ್ಲ, ಅವನು ಅವಳ ಸೊಂಟ ಚಿವುಟುವುದನ್ನು ಈಗಲೂ ತಮಾಷೆ ಅಂತ ಇಟ್ಟಿದ್ದಾರೆ. ದೈವ ಮೈಮೇಲೆ ಬರುವ ಕೊನೆಯ ಇಪ್ಪತ್ತು ನಿಮಿಷಕ್ಕೆ ಮಾತ್ರ ಹೊರಗಿನ ಪ್ರಪಂಚ ಇರಲಿಲ್ಲ. ಮಂಗಳೂರಿನವರೊಬ್ಬರು ನನ್ನ ಹಿಂದೆ ಕೂತಿದ್ದರು. ಎಲ್ಲರೂ ಕೂಗುತ್ತಿದ್ದಾಗ ಅವರು ಚಪ್ಪಲಿ ಬಿಟ್ಟು ಕೈ ಮುಗಿದು ಕೂತಿದ್ದರು. ಬುಧವಾರದ ಸಾಲಿನಲ್ಲಿ ಬಂದಿದ್ದು ಅವರ ಬರಿಗಾಲು, ಪರದೆ ಮೇಲಿನದ್ದಲ್ಲ.

ಮಾಲ್‌ನಲ್ಲಿ ನೋಡೋದಾ, ಟಾಕೀಸಿನಲ್ಲಾ?

ನನಗೆ ಟಾಕೀಸು. ನಿಮಗೆ ಬೆನ್ನುನೋವಿದ್ದರೆ ಮಾಲ್.

ಮೆಜೆಸ್ಟಿಕ್ ಅನ್ನುವ ಹೆಸರೇ ಒಂದು ಟಾಕೀಸಿನದ್ದು. ಟಾಕೀಸು ಹೋಯಿತು, ಹೆಸರು ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಿತು. ಕೆ.ಜಿ. ರಸ್ತೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಎರಡೂ ಕಡೆ ಕಟೌಟುಗಳು. ಒಂದರಲ್ಲಿ ಹೌಸ್‌ಫುಲ್ ಬೋರ್ಡ್ ಬಿದ್ದರೆ ಎದುರಿನದಕ್ಕೆ ಓಡುವುದು. ಯಾವ ಪಿಚ್ಚರ್ ಅಂತ ಒಳಗೆ ಕೂತ ಮೇಲೆ ಗೊತ್ತಾದದ್ದೂ ಇದೆ. ಸಾಗರ್, ಅಲಂಕಾರ್, ಕಪಾಲಿ ಎಲ್ಲ ಹೋದವು. ಕಪಾಲಿಯಲ್ಲಿ ಸಾವಿರಕ್ಕೂ ಜಾಸ್ತಿ ಸೀಟು. ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದರೆ ಫ್ಯಾನ್ ಗಾಳಿಯೂ ನಿಂತ ಹಾಗಾಗುತ್ತಿತ್ತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. ಸ್ಯಾಂಕಿ ರಸ್ತೆಯ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ.

ಟಾಕೀಸಿನಲ್ಲಿ ಕೂರುವ ಜಾಗವೂ ಅಭಿಪ್ರಾಯವೇ. ಬಾಲ್ಕನಿಯವರು ಕಥೆ ನೋಡುತ್ತಿದ್ದರು. ಪರದೆಗೆ ಮೂಗು ತಾಗುವ ಗಾಂಧಿ ಕ್ಲಾಸಿನವರು ಹೀರೋನ ನೋಡುತ್ತಿದ್ದರು. ನಾವು ಹೆಂಗಸರು ಬಾಲ್ಕನಿಯಲ್ಲಿ ಕೂತು ಗಾಂಧಿ ಕ್ಲಾಸನ್ನು ನೋಡುತ್ತಿದ್ದೆವು. ಚಿಲ್ಲರೆ ಕಾಸು, ಪೇಪರ್ ಚೂರು ಹಾರುವುದು ಅಲ್ಲಿಂದಲೇ. ಲೇಟಾಗಿ ಬಂದವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುವವನೊಬ್ಬ ಇರುತ್ತಿದ್ದ. ನಾನು ಅವನ ಮುಖ ಎಂದೂ ನೋಡಿದ್ದಿಲ್ಲ, ಬೆಳಕು ಮಾತ್ರ. 2013ರಲ್ಲಿ 'ಲೂಸಿಯಾ' ಬಂದಾಗ ಅಂಥವನೇ ಕಥೆಯ ಹೀರೋ. ಆ ಪಿಚ್ಚರಿಗೆ ದುಡ್ಡು ಹಾಕಿದ್ದೂ ಪ್ರೇಕ್ಷಕರೇ. ಅವತ್ತು ಇಂಟರ್‌ವಲ್‌ನಲ್ಲಿ ತಿರುಗಿ ಟಾರ್ಚಿನವನ ಮುಖ ನೋಡಿದೆ. ನನಗಿಂತ ವಯಸ್ಸಾದವರು, ಕನ್ನಡಕ ಹಾಕಿದ್ದರು.

ಟಾಕೀಸಿನ ತೊಂದರೆಯನ್ನೂ ಹೇಳಬೇಕಲ್ಲ. ಒಂದು ಕಡೆ ನಡುವಿನ ಸ್ಪೀಕರ್ ಕೆಟ್ಟು, ಅರ್ಧ ಗಂಟೆ ಹಿನ್ನೆಲೆ ಸಂಗೀತ ಮಾತ್ರ ಕೇಳಿಸಿತು, ಮಾತಿಲ್ಲ. ನಾವೇ ಡೈಲಾಗ್ ಹೊಡೆದುಕೊಂಡೆವು. ನಿಜ ಹೇಳಬೇಕೆಂದರೆ ನಮ್ಮದೇ ಚೆನ್ನಾಗಿತ್ತು. ಮಾಲಿನ ತೊಂದರೆ ಬೇರೆ. ಪಕ್ಕದ ಸ್ಕ್ರೀನಿನ ಬಾಂಬು ನಮ್ಮ ಸ್ಕ್ರೀನಿನ ಸಾವಿನ ಮನೆಯಲ್ಲಿ ಸಿಡಿಯುತ್ತದೆ. ಮುಂದಿನ ಸೀಟಿನವರ ಫೋನು ಇನ್ನೊಂದು ಪಿಚ್ಚರ್ ತೋರಿಸುತ್ತಿರುತ್ತದೆ.

ಟಿಕೆಟ್ ರೇಟು ಜಾಸ್ತಿ ಆಯ್ತಲ್ಲ?

ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು ಅಂತ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಗಣಿತದ ಮೇಷ್ಟ್ರಾಗಿ ನನ್ನ ಸಲಹೆ ಇಷ್ಟೇ: ವಾರದ ದಿನ, ಬೆಳಗಿನ ಆಟ, ತಿಂಡಿ ಮನೆಯಲ್ಲೇ ಮುಗಿಸಿ. ಪಾಪ್‌ಕಾರ್ನ್ ಲೆಕ್ಕ ಹಿಡಿದರೆ ನನಗೆ ಕೋಪ ಬರುತ್ತದೆ, ಬಿಡಿ.

ಆರ್ಟ್ ಫಿಲಂ ಬೋರು ಅಲ್ವಾ ಆಂಟಿ?

ಎದುರುಮನೆ ಹುಡುಗನ ಪ್ರಶ್ನೆ. ಹೌದು ಮರಿ, ನಿನ್ನ ವಯಸ್ಸಿನಲ್ಲಿ ನನಗೂ ಬೋರೇ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿತ್ತು. ಕನ್ನಡದ್ದು ಬಂತು ಅಂತ ಇಡೀ ವಠಾರ ಕೂತರೆ, ಹತ್ತು ನಿಮಿಷಕ್ಕೆ ಅರ್ಧ ಜನ ಮಾಯ. 'ಘಟಶ್ರಾದ್ಧ'ವನ್ನು ನಾನು ಮೊದಲು ನೋಡಿದ್ದು ಹಾಗೆ. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರದ್ದು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಆ ಸಲ ಅದಕ್ಕೇ ಬಂತು. ನನಗೆ ಕಂಡಿದ್ದು ಕಪ್ಪು ಬಿಳುಪು, ಮಳೆಯಿಲ್ಲದ ಮಬ್ಬು, ಮಾತಾಡದ ಜನ. ನಿದ್ದೆ ಹೋದೆ.

ನಲವತ್ತು ದಾಟಿದ ಮೇಲೆ ಮತ್ತೆ ನೋಡಿದೆ. ವಿಧವೆ ಯಮುನಕ್ಕ, ಅವಳನ್ನು ಕಂಡರೆ ಜೀವ ಬಿಡುವ ಪುಟ್ಟ ಹುಡುಗ ನಾಣಿ. ದೊಡ್ಡವರು ಅವಳಿಗೆ ಮಾಡುವುದನ್ನೆಲ್ಲ ನಾವು ಆ ಹುಡುಗನ ಕಣ್ಣಿನ ಎತ್ತರದಿಂದ ನೋಡಬೇಕು. ಅವನಿಗೆ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ, ಆದರೂ ಏನೂ ಮಾಡಲಾಗುವುದಿಲ್ಲ. ಹನ್ನೆರಡರ ವಯಸ್ಸಿನಲ್ಲಿ ನಾನೇ ನಾಣಿ ಆಗಿದ್ದೆ ಅಂತ ಕಾಣುತ್ತದೆ, ಅದಕ್ಕೇ ಅರ್ಥವಾಗಲಿಲ್ಲ.

ನೀನು ಈಗಲೇ ಇದನ್ನು ನೋಡಬೇಕಿಲ್ಲ. ಬನಶಂಕರಿಯ ಸುಚಿತ್ರ ಫಿಲಂ ಸೊಸೈಟಿ 1971ರಿಂದ ಇದೆ. ವರ್ಷಕ್ಕೊಮ್ಮೆ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಇದೆ. ಪಾಸ್ ಮಾಡಿಸಿದರೆ ದಿನಕ್ಕೆ ನಾಲ್ಕೈದು ನೋಡಬಹುದು. ಮೂರನೆಯದಕ್ಕೆ ಯಾವ ದೇಶದಲ್ಲಿ ಯಾರು ಸತ್ತರು ಅಂತ ಕಲಸಿಹೋಗುತ್ತದೆ. ಎರಡಕ್ಕೆ ನಿಲ್ಲಿಸು.

ಬೇರೆ ಭಾಷೆಯವು ನೋಡಲ್ವಾ? ಡಬ್ಬಿಂಗ್ ಪರವಾ, ವಿರೋಧವಾ?

ಎಲ್ಲಾ ಭಾಷೆಯೂ ನೋಡುತ್ತೇನೆ. ಬೆಂಗಳೂರಿನಲ್ಲಿ ಇದ್ದು ನೋಡದೆ ಇರುವುದೇ ಕಷ್ಟ. ಡಬ್ಬಿಂಗ್ ವಿಷಯಕ್ಕೆ ಅರವತ್ತರ ದಶಕದಲ್ಲಿ ದೊಡ್ಡ ಚಳವಳಿ ಆಗಿ, ಹತ್ತಾರು ವರ್ಷ ಕನ್ನಡಕ್ಕೆ ಡಬ್ ಆದದ್ದು ಬರಲೇ ಇಲ್ಲ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಹಾಗೆ ತಡೆಯುವಂತಿಲ್ಲ ಅಂದಿತು. ನಮ್ಮ ಅಪ್ಪ ವಿರೋಧ, ನಮ್ಮ ಮಗಳು ಪರ. ನನಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಇದ್ದರೆ ತಲೆ ತಿರುಗುತ್ತದೆ, ಅಷ್ಟೇ ತಕರಾರು. ಆದರೆ ನಮ್ಮ ಹೂವಿನಾಕೆ "ಈಗ ಎಲ್ಲಾ ಕನ್ನಡದಾಗೇ ಮಾತಾಡ್ತಾರಲ್ಲಮ್ಮ" ಅಂತ ಖುಷಿಯಲ್ಲಿ ಹೇಳಿದ ಮೇಲೆ ಜೋರಾಗಿ ವಾದ ಮಾಡುವುದು ಬಿಟ್ಟೆ.

ನಮ್ಮ ಬೆಂಗಳೂರನ್ನು ಚೆನ್ನಾಗಿ ತೋರಿಸಿದ್ದು ಯಾವುದು?

1987ರ 'ಪುಷ್ಪಕ ವಿಮಾನ'. ಒಂದು ಮಾತೂ ಇಲ್ಲ, ಆದರೂ ಬೆಂಗಳೂರು ಅಂತ ಗೊತ್ತಾಗುತ್ತದೆ. ಕೆಲಸವಿಲ್ಲದ ಹುಡುಗನೊಬ್ಬ ಟಾಕೀಸಿನ ಪಕ್ಕದ ರೂಮಿನಲ್ಲಿರುತ್ತಾನೆ. ರಾತ್ರಿಯೆಲ್ಲ ಪಿಚ್ಚರಿನ ಫೈಟಿಂಗ್ ಸದ್ದು. ಅವನು ದೊಡ್ಡ ಹೋಟೆಲು ಸೇರಿದ ಮೇಲೆ ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಹೋಗಿ ಟೇಪ್‌ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ನನ್ನ ಜಾತಕ ಬರೆದವರು ಯಾರೋ ಗೊತ್ತಿಲ್ಲ, ಇದನ್ನು ನೋಡಿರಬೇಕು.

ಶಂಕರ್ ನಾಗ್ 1985ರ 'ಆಕ್ಸಿಡೆಂಟ್'ನಲ್ಲಿ ಫುಟ್‌ಪಾತಿನ ಮೇಲೆ ಮಲಗಿದವರ ಬೆಂಗಳೂರನ್ನು ತೋರಿಸಿದರು, ದೊಡ್ಡವರ ಮಗನ ಕಾರು ಅವರ ಮೇಲೆ ಹೋಗುತ್ತದೆ. ಅದರಲ್ಲಿ ಹಳೆಯದಾಗಿರುವುದು ಕಾರಿನ ಮಾಡೆಲ್ ಮಾತ್ರ. 2016ರ 'ಯು ಟರ್ನ್' ನೋಡಿ ಬಂದಮೇಲೆ ಡಬಲ್ ರೋಡ್ ಫ್ಲೈಓವರಿನ ಮೇಲೆ ಗಾಡಿ ತಿರುಗಿಸಲು ಯಾರೂ ಡಿವೈಡರ್ ಕಲ್ಲು ಸರಿಸುವುದಿಲ್ಲ ಅಂದುಕೊಂಡೆ. ಮರುದಿನವೇ ಸರಿಸಿದ್ದರು. ಇನ್ನು ವಠಾರದಲ್ಲಿ ಬೆಳೆದವರಿಗೆ 1990ರ 'ಗಣೇಶನ ಮದುವೆ'. ಮುಖ್ಯಮಂತ್ರಿ ಚಂದ್ರು ಅವರ ಮನೆ ಓನರ್ ಪಾತ್ರ ನೋಡಿ ನಮ್ಮ ಓನರ್ ಕೂಡ ಬಿದ್ದು ಬಿದ್ದು ನಕ್ಕರು. ಬಾಡಿಗೆ ಏರಿಸಿದ್ದನ್ನು ಮಾತ್ರ ಇಳಿಸಲಿಲ್ಲ.

ನಿಮ್ಮ ಫೇವರಿಟ್ ಯಾರು? ಅಣ್ಣಾವ್ರಾ, ವಿಷ್ಣು ದಾದಾನಾ?

ಬೆಂಗಳೂರಿನಲ್ಲಿ ಇದಕ್ಕೆ ಉತ್ತರ ಕೊಟ್ಟು ಬದುಕಿದವರಿಲ್ಲ. ಬಾಲಕೃಷ್ಣ ಅನ್ನುತ್ತೇನೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತು ಶುರು ಮಾಡುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ಹಳೇ ಪಿಚ್ಚರ್ ಹಾಕಿ ಕಣ್ಣು ಎಲ್ಲಿ ನೆಟ್ಟಿದ್ದಾರೆ ನೋಡಿ. ಕೆ.ಎಸ್. ಅಶ್ವಥ್ ಇನ್ನೊಬ್ಬರು. 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರನ್ನು ನೋಡಿ ಮೇಷ್ಟ್ರಾದವರು ಎಷ್ಟೋ ಜನ. ನಾನೂ ಒಬ್ಬಳು. ರಾಮಾಚಾರಿಗಳು ಸಿಕ್ಕರು, ನಾನು ಚಾಮಯ್ಯ ಆಗಲಿಲ್ಲ.

ನೋಡಿದ್ದನ್ನೇ ಮತ್ತೆ ರಿಲೀಸ್ ಮಾಡಿದರೆ ಯಾಕೆ ಹೋಗ್ತೀರಿ?

2025ರ ಮಾರ್ಚ್‌ನಲ್ಲಿ 'ಅಪ್ಪು' ಮತ್ತೆ ಬಂತು. 2002ರಲ್ಲಿ ನೋಡಿದ್ದೆ, ಸಾಧಾರಣ ಅನ್ನಿಸಿತ್ತು. ಈ ಸಲ ಪುನೀತ್ ಮೊದಲ ಸಲ ಪರದೆಗೆ ಬಂದಾಗ ಟಾಕೀಸಿನಲ್ಲಿ ಎಲ್ಲರೂ ಎದ್ದು ನಿಂತರು. ಕೂಗಿದರು, ಕುಣಿದರು. ಹಾಡು ಮುಗಿದ ಮೇಲೆ ಅತ್ತರು. ಆ ಹುಡುಗರಲ್ಲಿ ಅರ್ಧ ಜನ 2002ರಲ್ಲಿ ಹುಟ್ಟಿರಲೇ ಇಲ್ಲ. ಪಿಚ್ಚರ್ ಈಗಲೂ ಸಾಧಾರಣವೇ. ನಾಳೆ ಹಾಕಿದರೆ ನಾಳೆಯೂ ಹೋಗುತ್ತೇನೆ.

ಮಧ್ಯದಲ್ಲಿ ಎದ್ದು ಬಂದಿದ್ದೀರಾ?

ಒಂದೇ ಸಲ. ಮನೆಯಲ್ಲಿ ಕುಕ್ಕರ್ ಇಟ್ಟು ಬಂದಿದ್ದು ನೆನಪಾಯಿತು.

ಮಕ್ಕಳನ್ನು ಯಾವುದಕ್ಕೆ ಕರೆದುಕೊಂಡು ಹೋಗಲಿ?

ನಾಯಿ ಇರುವ ಯಾವುದಕ್ಕಾದರೂ. '777 ಚಾರ್ಲಿ'ಗೆ ಅಣ್ಣನ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅವು ಒಂದು ಗಂಟೆ ಅತ್ತವು, ಆಮೇಲೆ ಒಂದು ವರ್ಷ ನಾಯಿ ಕೊಡಿಸಿ ಅಂತ ಅಣ್ಣನ ಪ್ರಾಣ ತಿಂದವು. ಅಣ್ಣ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ.

ನಾಲ್ಕು ವಾರ ತಡೆದರೆ ಓಟಿಟಿಗೆ ಬರುತ್ತಲ್ಲ?

ಬಂದರೆ ಬರುತ್ತದೆ. ಎಷ್ಟೋ ಸಣ್ಣ ಕನ್ನಡ ಪಿಚ್ಚರುಗಳು ಎಲ್ಲಿಗೂ ಬರುವುದಿಲ್ಲ, ಎರಡು ಶೋ ಹಾಕಿ ಎತ್ತಿಬಿಡುತ್ತಾರೆ. ಬಂದರೂ, ಮನೆಯಲ್ಲಿ ರಾಜೀವಪ್ಪ ಊಟ ಬಿಟ್ಟು ಏಳುವ ಹೊತ್ತಿಗೆ ಸರಿಯಾಗಿ ನಮ್ಮ ಮನೆ ಬೆಲ್ ಹೊಡೆಯುತ್ತದೆ. ಕೊರಿಯರ್. ನಿಲ್ಲಿಸಿ, ಹೋಗಿ, ಬಂದು, ಮತ್ತೆ ಒತ್ತಿದರೆ ಅವನು ಏಳುತ್ತಾನೆ, ನನಗೆ ಏನೂ ಆಗುವುದಿಲ್ಲ. ಓಟಿಟಿಯಲ್ಲಿ ನೋಡಿದವಕ್ಕೆ ಅಡ್ಡಗೆರೆ ಜಾಸ್ತಿ ಬಿದ್ದಿರುವುದನ್ನು ಗಮನಿಸಿದ್ದೇನೆ. ತಪ್ಪು ಪಿಚ್ಚರಿನದ್ದಾ, ಸೋಫಾದ್ದಾ, ಇನ್ನೂ ಲೆಕ್ಕ ಬಿಡಿಸಿಲ್ಲ.

ನಿಮ್ಮ ಅಭಿಪ್ರಾಯ ತಪ್ಪಾಗಿದ್ದು ಇದೆಯಾ?

ಇದನ್ನು ನಕ್ಕೊಂಡು ಕೇಳುವವರಿಗೆ ಉತ್ತರ ಆಗಲೇ ಗೊತ್ತಿರುತ್ತದೆ. 2006ರ ಡಿಸೆಂಬರ್ ಕೊನೆಯ ವಾರ 'ಮುಂಗಾರು ಮಳೆ' ಬಂತು. ಮೊದಲ ದಿನವೇ ನೋಡಿದೆ. ಬುಧವಾರದವರೆಗೆ ಕಾಯಲಿಲ್ಲ. ಮರುದಿನವೇ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿದೆ, "ಬರೀ ಮಳೆ, ಬರೀ ಮಾತು, ಒಂದು ವಾರ ಓಡಿದರೆ ಹೆಚ್ಚು" ಅಂತ. ಅದು ಮಲ್ಟಿಪ್ಲೆಕ್ಸಿನಲ್ಲೇ ಒಂದು ವರ್ಷ ದಾಟಿತು. ಆ ಒಂದು ವರ್ಷವೂ ನಮ್ಮ ವಿಜ್ಞಾನದ ಮೇಡಂ ಪ್ರತಿ ಶುಕ್ರವಾರ ನನ್ನ ಟೇಬಲ್ಲಿನ ಹತ್ತಿರ ಬಂದು "ಇನ್ನೂ ಓಡ್ತಿದೆ ಕಣ್ರೀ" ಅಂತ ಹೇಳಿ ಹೋಗುತ್ತಿದ್ದರು.

ಬುಧವಾರದ ನಿಯಮ ಆಗ ಇರಲಿಲ್ಲ. ಆಮೇಲೆ ಬಂತು. ಹಳೇ ಪುಟ ತೆಗೆದರೆ ಅಲ್ಲಿ ನನ್ನ ಕೈಬರಹದಲ್ಲೇ "ಮಳೆ ಜಾಸ್ತಿ" ಅಂತ ಇದೆ. ಪಕ್ಕದಲ್ಲಿ ಬೇರೆ ಇಂಕಿನಲ್ಲಿ, ಆರು ತಿಂಗಳು ಬಿಟ್ಟು ಬರೆದಿದ್ದು: "ದೇವದಾಸ ಅನ್ನುವ ಮೊಲ."

ಆ ಪುಸ್ತಕ ಒಂದ್ಸಲ ಕೊಡ್ತೀರಾ, ನೋಡಿ ಕೊಡ್ತೀನಿ?

ಇಲ್ಲ. ಹೀಗೆ ಕೊಟ್ಟ ಮೊದಲನೇ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಅದರಲ್ಲಿ ಟಿಕೆಟ್‌ಗಳನ್ನೂ ಅಂಟಿಸಿದ್ದೆ, ತೆಳು ಕಾಗದದ ಗುಲಾಬಿ, ಹಸಿರು ಟಿಕೆಟ್‌ಗಳು. ಈಗ ಅಂಟಿಸುವುದಕ್ಕೂ ಏನಿಲ್ಲ. ಮಾಲಿನ ಮಿಷನ್ ಟಿಕೆಟ್ ಎರಡು ಬೇಸಿಗೆಗೆ ಬಿಳಿಯಾಗುತ್ತದೆ, ಫೋನಿನದ್ದಂತೂ ಇಲ್ಲವೇ ಇಲ್ಲ.

ರಾತ್ರಿ ಊಟಕ್ಕೆ ಬರ್ತೀಯಾ, ಫಸ್ಟ್ ಶೋನಾ?

ಇದು ಶುಕ್ರವಾರ ಮಾತ್ರ, ಒಬ್ಬರೇ ಕೇಳುವುದು. ಫಸ್ಟ್ ಶೋ. ಸಾರು ಫ್ರಿಜ್ಜಿನಲ್ಲಿದೆ, ಅನ್ನ ನೀವೇ ಇಟ್ಟುಕೊಳ್ಳಿ. ಮೂರು ವಿಷಲ್.